ಸ್ವೆಟರಿಗೂ ಒಂದು ಊರಿದೆ

ಐರ್ಲೆಂಡಿಗೆ ಹೋಗಿಬಂದವರ ಫೋಟೊಗಳಲ್ಲಿ ಕುರಿಯೊಂದು ಇದ್ದೇ ಇರುತ್ತದೆ. ಹಿಂದೆ ಹಸಿರು ಗುಡ್ಡ, ಮುಂದೆ ಕಪ್ಪು ಮೂತಿಯ ಕುರಿ, ಅದರ ಬೆನ್ನ ಮೇಲೆ ನೀಲಿಯದೋ ಕೆಂಪಿನದೋ ಒಂದು ಬಣ್ಣದ ಪಟ್ಟೆ. ಆ ಬಣ್ಣ ಅಲಂಕಾರಕ್ಕಲ್ಲ. ಮೇಯೊ, ಡೊನೆಗಾಲ್ ಕಡೆಯ ಗುಡ್ಡಗಳಲ್ಲಿ ಹಲವು ಮನೆಗಳ ಕುರಿಗಳು ಒಂದೇ ಗೋಮಾಳದಲ್ಲಿ ಮೇಯುತ್ತವೆ. ಯಾವುದು ಯಾರದೆಂದು ದೂರದಿಂದಲೇ ತಿಳಿಯಲೆಂದು ಹಾಕಿದ ಗುರುತು ಅದು. ಕುರಿಯ ಒಡೆಯ ಯಾರೆಂದು ಇಷ್ಟು ಚೆನ್ನಾಗಿ ಹೇಳುವ ನಾಡಿನಲ್ಲಿ, ಅದೇ ಕುರಿಯ ಉಣ್ಣೆ ಮಾತ್ರ ಚೀಲ ಸೇರಿದ ಕೂಡಲೇ ಹೇಳಹೆಸರಿಲ್ಲದಂತಾಗುತ್ತದೆ. ಈ ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಬೇಸಿಗೆಯಲ್ಲಿ ಮರಿಗಳನ್ನೂ ಸೇರಿಸಿ ಎಣಿಸಿದರೆ ಅಲ್ಲಿ 50 ಲಕ್ಷದ ಆಸುಪಾಸು ಕುರಿಗಳಿವೆ. ಸಾಕುವುದು ಮಾಂಸಕ್ಕೆ. ಆದರೂ ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸಲೇಬೇಕು. ಬಿಟ್ಟರೆ ನೊಣ ಮೊಟ್ಟೆಯಿಟ್ಟು, ಹುಳು ಬಿದ್ದು ಕುರಿಯ ಜೀವಕ್ಕೇ ಸಂಚಕಾರ. ಒಂದು ಕುರಿಗೆ ಎರಡು-ಮೂರು ಕಿಲೋ ಉಣ್ಣೆ ಬರುತ್ತದೆ. 2020ರ ನಂತರದ ಕೆಲವು ವರ್ಷಗಳಲ್ಲಿ ಅದರ ಬೆಲೆ ಕಿಲೋಗೆ 20 ಸೆಂಟಿಗೂ ಕೆಳಗಿಳಿಯಿತು. ಕತ್ತರಿಸುವವನ ಕೂಲಿಯೋ, ಕುರಿಯೊಂದಕ್ಕೆ ಎರಡು ಯೂರೋಗೂ ಮೇಲೆ. ಆಗ ರೈತ ಉಣ್ಣೆ ಮಾರುತ್ತಿರಲಿಲ್ಲ, ಕೈಯಿಂದ ಕಾಸು ಕೊಟ್ಟು ಸಾಗಹಾಕುತ್ತಿದ್ದ.

ಹಾಗೆಂದು ಎಲ್ಲ ಉಣ್ಣೆಯೂ ಒಂದೇ ಅಲ್ಲ. ಗುಡ್ಡದ ಕಪ್ಪು ಮೂತಿಯ ಕುರಿಯದು ನಮ್ಮ ಕಂಬಳಿಯಂತೆ ಒರಟು, ಬಹಳ ಗಟ್ಟಿ. ನೆಲಹಾಸಿಗೆ ಹೇಳಿ ಮಾಡಿಸಿದ್ದು. ಬಯಲಿನ ಗಾಲ್ವೇ ಕುರಿಯದು ಅದಕ್ಕಿಂತ ನಯ, ಸ್ವೆಟರಿಗೂ ಒಗ್ಗುತ್ತದೆ. ಈ ದೇಸಿ ತಳಿಗಾಗಿ ಸಾಕುವವರ ಸಂಘವೊಂದು 1923ರಲ್ಲೇ ಹುಟ್ಟಿತು. ಎರಡನ್ನೂ ಒಂದೇ ಚೀಲಕ್ಕೆ ತುರುಕಿದರೆ ಎರಡರ ಗುಣವೂ ಯಾರಿಗೂ ತಿಳಿಯದೆ ಹೋಗುತ್ತದೆ.

ಸ್ವೆಟರ್ ಎಂದಾಗ ಅರಾನ್ ದ್ವೀಪಗಳನ್ನು ಬಿಡುವಂತಿಲ್ಲ. ಹಗ್ಗ ಹೆಣೆದಂತಹ ವಿನ್ಯಾಸದ ಆ ಕೆನೆಬಣ್ಣದ ಸ್ವೆಟರ್ ಐರ್ಲೆಂಡಿನ ಗುರುತೇ ಆಗಿಬಿಟ್ಟಿದೆ. ಆದರೆ ಇಂದು ಅಂಗಡಿಗಳಲ್ಲಿ ಸಿಗುವ ಅಂಥ ಸ್ವೆಟರುಗಳಲ್ಲಿ ಹೆಚ್ಚಿನವು ಹೊರದೇಶದ ಮೆರಿನೊ ಉಣ್ಣೆಯವು. ಯುರೋಪಿನ ಕಾನೂನಿನಂತೆ ಲೇಬಲ್ಲಿನಲ್ಲಿ ನೂಲು ಯಾವುದರದು ಎಂದು ಹೇಳಬೇಕು. ಕುರಿ ಎಲ್ಲಿ ಮೇಯಿತು ಎಂದು ಹೇಳಬೇಕಾಗಿಲ್ಲ. ಇದೇ ದ್ವೀಪಗಳಲ್ಲಿ ನಡೆಯುವ ಜಾನ್ ಮಿಲ್ಲಿಂಗ್ಟನ್ ಸಿಂಜ್‌ನ ‘ರೈಡರ್ಸ್ ಟು ದ ಸೀ’ ನಾಟಕ 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಕಡಲಿನ ಪಾಲಾದ ಅಣ್ಣನನ್ನು ತಂಗಿ ಗುರುತಿಸುವುದು ಕಾಲುಚೀಲದಿಂದ: ತಾನೇ ಹೆಣೆದದ್ದು, ಎಷ್ಟು ಹೊಲಿಗೆ ಹಾಕಿದ್ದೆ, ಎಷ್ಟು ಕೈಬಿಟ್ಟಿದ್ದೆ ಎಂಬುದೆಲ್ಲ ಅವಳಿಗೆ ನೆನಪಿದೆ. ಮನೆತನಕ್ಕೊಂದು ವಿನ್ಯಾಸವಿತ್ತು ಎಂಬ ಜನಪ್ರಿಯ ಕಥೆ ಬೆಳೆದದ್ದಕ್ಕೆ ಈ ದೃಶ್ಯವೂ ಕಾರಣ. ಅದು ಬರೀ ಕಥೆ. ಆದರೆ ತೊಟ್ಟವನಿಗೆ ಹೆಣೆದವಳು ಗೊತ್ತಿದ್ದ ಕಾಲ ಮಾತ್ರ ನಿಜ.

ಈಗ ಆ ನಂಟಿನ ನಡುವೆ ಎಷ್ಟೊಂದು ಕೈಗಳು! ಉಣ್ಣೆಯನ್ನು ವಿಂಗಡಿಸಬೇಕು, ಜಿಡ್ಡು ಹೋಗುವಂತೆ ತೊಳೆಯಬೇಕು, ಹಿಂಜಬೇಕು, ನೂಲಬೇಕು. ತೊಳೆಯುವ ದೊಡ್ಡ ಕಾರ್ಖಾನೆ ಐರ್ಲೆಂಡಿನಲ್ಲಿ ಉಳಿಯದ ಕಾರಣ ಉಣ್ಣೆ ಕಡಲು ದಾಟಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಅಂಥ ಕಾರ್ಖಾನೆಗೆ ಬೇಕಾದದ್ದು ಟನ್ನುಗಟ್ಟಲೆ ಮಾಲು; ಐವತ್ತು ಕುರಿಯ ರೈತ ಒಬ್ಬನೇ ಅದನ್ನು ಎಲ್ಲಿಂದ ತಂದಾನು? ಹತ್ತಾರು ಮಂದಿ ಕೂಡಿದರೆ ಮಾತ್ರ ಸಾಧ್ಯ. ಗಾಲ್ವೇ ಕುರಿ ಸಾಕುವವರು ಸಹಕಾರ ಸಂಘ ಕಟ್ಟಿಕೊಂಡು ನ್ಯಾಯವಾದ ಬೆಲೆ ಕೇಳತೊಡಗಿದ್ದು, ರೈತರು, ಗಿರಣಿಯವರು, ವಿನ್ಯಾಸಕಾರರನ್ನು ಒಂದೆಡೆ ಕೂರಿಸಲು ಐರಿಶ್ ಗ್ರೋನ್ ವೂಲ್ ಕೌನ್ಸಿಲ್ ಹುಟ್ಟಿದ್ದು ಇದಕ್ಕೇ. ಕಿಲ್ಕೆನಿಯ ಕುಶೆಂಡೇಲ್‌ನಂಥ ಹಳೆಯ ಗಿರಣಿ ನಾಡಿನ ಉಣ್ಣೆಯಿಂದಲೇ ನೂಲು ತೆಗೆದು ತೋರಿಸಿದೆ.

ಪರಿಚಯವೊಂದರಿಂದ ಏನಾಗಬಹುದು ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವುದು ಫಾಕ್ಸ್‌ಫರ್ಡ್ ಊರನ್ನು. ಮೇಯೊದ ಆ ಬಡ ಊರಿಗೆ ಬಂದ ಸನ್ಯಾಸಿನಿ ಆಗ್ನೆಸ್ ಮೊರೊ-ಬರ್ನಾರ್ಡ್ ಮೊಯ್ ನದಿಯ ರಭಸ ಕಂಡು, ಈ ನೀರಿನಿಂದ ಗಿರಣಿ ನಡೆಸಬಹುದಲ್ಲ ಎಂದುಕೊಂಡರು. ನೇಯ್ಗೆಯ ಗಂಧವೂ ಅವರಿಗಿರಲಿಲ್ಲ. ದೂರದ ಟೈರೋನ್‌ನ ಗಿರಣಿ ಮಾಲೀಕ ಜಾನ್ ಚಾರ್ಲ್ಸ್ ಸ್ಮಿತ್‌ಗೆ ಪತ್ರ ಬರೆದರು. ಆತ ಪ್ರೊಟೆಸ್ಟೆಂಟ್, ಇವರು ಕ್ಯಾಥೊಲಿಕ್. ಆ ಕಾಲದ ಐರ್ಲೆಂಡಿನಲ್ಲಿ ಇದು ಸಣ್ಣ ಅಂತರವಲ್ಲ. ಆದರೂ ಆತ ನೆರವಿಗೆ ನಿಂತ. 1892ರಲ್ಲಿ ಶುರುವಾದ ಆ ಗಿರಣಿ ಇಂದಿಗೂ ಕಂಬಳಿ ನೇಯುತ್ತಿದೆ.

ಹಣ, ಯಂತ್ರ, ಸಬ್ಸಿಡಿ ಎಲ್ಲವೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಕುರಿ ಸಾಕುವವನಿಗೆ ತನ್ನ ಉಣ್ಣೆಯಿಂದ ಏನಾಗುತ್ತದೆಂದು ಗೊತ್ತಾದರೆ ತಾನೇ ಅವನು ಅದನ್ನು ಒಣದಾಗಿ, ಶುಚಿಯಾಗಿ ಇಡುವುದು, ತೊಳೆದರೂ ಹೋಗದ ಬಣ್ಣ ಬಳಿಯುವ ಮುನ್ನ ಯೋಚಿಸುವುದು? ಹೆಣೆಯುವವಳಿಗೆ ಕುರಿಯ ತಳಿ ಗೊತ್ತಾದರೆ ತಾನೇ ಅದಕ್ಕೆ ತಕ್ಕ ಉಡುಪು ಯೋಚಿಸುವುದು? ಕೊಳ್ಳುವವರದೂ ಪಾಲಿದೆ. ಈ ಉಣ್ಣೆ ಯಾವ ಊರಿನ ಕುರಿಯದು ಎಂದು ಕೇಳಬೇಕು. ಉತ್ತರಕ್ಕಾಗಿ ಅಂಗಡಿಯವನು ಗಿರಣಿಯವನನ್ನು, ಗಿರಣಿಯವನು ರೈತನನ್ನು ಹುಡುಕಿಕೊಂಡು ಹೊರಟರೆ ಅರ್ಧ ಕೆಲಸ ಆದಂತೆಯೇ.