ಜುಗೂಳದ ದಾರಿಯಲ್ಲಿ ಅನ್ಯಜೀವಿಗಳ ಆಸ್ಪತ್ರೆ

ರಾತ್ರಿ ಎರಡು ಗಂಟೆ. ಕಾಗವಾಡ ಬಿಟ್ಟು ಶಿರಗುಪ್ಪಿ ದಾಟಿ ಜುಗೂಳದ ಕಡೆ ಹೊರಟ ಬೈಕಿನ ಹಿಂದಿನ ಸೀಟಿನಲ್ಲಿ ನೀವು ಕೂತಿದ್ದೀರಿ. ತೊಡೆಯ ಮೇಲೆ ಡಾಕ್ಟರರ ಚೀಲ. ರಸ್ತೆಯ ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು. ಜನವರಿಯ ಚಳಿಯ ಜತೆ ಕಾಕಂಬಿಯ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಕಾರ್ಖಾನೆಗಳಲ್ಲಿ ಹಂಗಾಮು ನಡೆದಿದೆ; ಎರಡು ಟ್ರೇಲರ್ ಎಳೆದುಕೊಂಡು ಎದುರು ಬರುವ ಟ್ರ್ಯಾಕ್ಟರಿಗೆ ದಾರಿ ಬಿಡಲು ಡಾಕ್ಟರು ಬೈಕನ್ನು ಮಣ್ಣಿಗೆ ಇಳಿಸುತ್ತಾರೆ. ಜೇಬಿನಲ್ಲಿ ಅವರ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿದೆ. ಮೊದಲ ಕರೆಯಲ್ಲಿ ಕೇಳಿದ್ದು ಇಷ್ಟು:

"ಈದು ಒಂದ ದಿನಾ ಆತ್ರಿ ಸಾಹೇಬ್ರ. ನಿನ್ನಿ ಹಾಲೂ ಚೊಲೋ ಕೊಟ್ಟಿತ್ತ. ಸಂಜಿಕಿ ಕೂತದ್ದು ಏಳವಲ್ದರಿ."

ಈ ಭಾಗದಲ್ಲಿ ಮನುಷ್ಯರಿಗೆ ಜಡ್ಡಾದರೆ ಮಿರಜಿಗೆ ಓಡುತ್ತಾರೆ. ಮಹಾರಾಷ್ಟ್ರದ ಗಡಿ ದಾಟಿದರೆ ಸಿಗುವ ಊರು. 1894ರಲ್ಲಿ ವಾನ್‌ಲೆಸ್ ಎಂಬ ಮಿಷನರಿ ಡಾಕ್ಟರರು ಆಸ್ಪತ್ರೆ ಕಟ್ಟಿದಾಗಿನಿಂದ ಸುತ್ತಲಿನ ಹಳ್ಳಿಗಳಿಗೆ ಅದೇ ದವಾಖಾನೆ. ಐದು ಕ್ವಿಂಟಲ್ ತೂಗುವ ರೋಗಿಯನ್ನು ಮಿರಜಿಗೆ ಒಯ್ಯಲಾಗದು. ಆಸ್ಪತ್ರೆಯೇ ಬೈಕ್ ಏರಿ ಬರಬೇಕು.

ತೋಟದ ಮನೆ. ತಗಡಿನ ಕೊಟ್ಟಿಗೆಯಲ್ಲಿ ಒಂದೇ ಬಲ್ಬು. ಕರಿ-ಬಿಳಿ ಎಚ್‌.ಎಫ್‌. ತಳಿಯ ಆಕಳು ನೆಲಕ್ಕೆ ಕುಸಿದಿದೆ, ಕುತ್ತಿಗೆ ಹಿಂದಕ್ಕೆ ತಿರುಚಿ ಮೂತಿಯನ್ನು ಪಕ್ಕೆಗೆ ಒರಗಿಸಿಕೊಂಡಿದೆ. ಮೈಮೇಲೆ ಕೌದಿ ಹೊದಿಸಿದ್ದಾರೆ. ಪಕ್ಕದಲ್ಲಿ ಪಾತ್ರೆಯ ತುಂಬ ಸುಂಠಿ-ಬೆಲ್ಲದ ಬಿಸಿ ಕಷಾಯ, ಅದನ್ನು ಗಂಟಲಿಗೆ ಇಳಿಸಲು ಬಿದಿರಿನ ಗೊಟ್ಟ. ಮನೆಯ ಹಿರಿಮಗ ಗೊಟ್ಟ ಕೈಗೆತ್ತಿಕೊಂಡಾಗಿದೆ.

"ತಮ್ಮಾ, ಅದನ್ನ ಇಳಸು. ಒಂದ ಹನಿನೂ ಹಾಕಬ್ಯಾಡ."

ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ನೀವೂ ಹೋಗಿ ಕಿವಿ ಮುಟ್ಟಿ ನೋಡಿ: ತಣ್ಣಗಿದೆ. ಮೂಗಿನ ತುದಿ ಒಣಗಿದೆ. ಕಣ್ಣಿಗೆ ಬ್ಯಾಟರಿ ಬಿಟ್ಟರೆ ಅಗಲಿಸಿದ ಪಾಪೆ ಕುಗ್ಗುವುದೇ ಇಲ್ಲ. ಎಡಪಕ್ಕೆಯ ಮೇಲಿನ ಗುಳಿಗೆ ಸ್ಟೆತಾಸ್ಕೋಪ್ ಇಟ್ಟು ಅದನ್ನು ನಿಮ್ಮ ಕಿವಿಗೆ ಕೊಡುತ್ತಾರೆ. ಅಲ್ಲಿರುವುದು ನೂರು ಲೀಟರಿಗೂ ಹೆಚ್ಚು ಹಿಡಿಸುವ ದೊಡ್ಡ ಹೊಟ್ಟೆ, ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಕೊಳೆಸಿ ಆಹಾರ ಮಾಡುವ ಜಾಗ. ಆರೋಗ್ಯದ ಆಕಳಲ್ಲಿ ನಿಮಿಷಕ್ಕೆ ಒಂದೆರಡು ಬಾರಿ ಅದು ಹೊರಳುವ ಸದ್ದು ದೂರದ ಗುಡುಗಿನ ಹಾಗೆ ಕೇಳಬೇಕು. ಈಗ ಏನೂ ಇಲ್ಲ.

ಥರ್ಮಾಮೀಟರ್ 99 ದಾಟುವುದಿಲ್ಲ. ಮನುಷ್ಯರಿಗಾದರೆ ಅಂಥ ಚಿಂತೆಯ ಅಂಕಿಯಲ್ಲ. ಆಕಳಿನ ಮೈ 101.5 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ನಿಮ್ಮ ಮೈಯ ಅಳತೆಗೆ ನೆಟ್ಟಗಿರುವ ರೋಗಿ ತನ್ನ ಮೈಯ ಅಳತೆಗೆ ಸಾಯುತ್ತಿದೆ.

"ಆಯಿ, ಯಾವಾಗಿಂದ ಹಿಂಗ?" ಎಂದು ಡಾಕ್ಟರು ಕೇಳುವುದು ಮಗನನ್ನಲ್ಲ, ಕಂಬಕ್ಕೆ ಒರಗಿ ನಿಂತ ಮುದುಕಿಯನ್ನು.

"ಮಧ್ಯಾಹ್ನದಿಂದನ ಕಣ್ಣಾಗ ಕಳಾ ಇರಲಿಲ್ಲರಿ. ಹಿಂದಿನ ಕಾಲ ತಡವರಿಸಾಕತ್ತಿತ್ತ. ಮೆಲಕ ಬಿಟ್ಟಿತ್ತ. ಇವರಿಗೆ ಹೇಳಿದ್ನಿ, ಯಾರ ಕೇಳತಾರ?"

ರೋಗಿ ಹೇಳಲಾರದ್ದನ್ನು ಆಯಿ ಹೇಳಿಬಿಟ್ಟಳು. ಹೆಚ್ಚು ಹಾಲಿನ ಆಕಳುಗಳಿಗೆ ಈದ ಹೊಸದರಲ್ಲಿ ಬರುವ ಕಾಯಿಲೆ ಇದು. ಗಿಣ್ಣದ ಹಾಲಿನ ಜತೆ ಕ್ಯಾಲ್ಸಿಯಂ ಒಮ್ಮೆಲೇ ಕೆಚ್ಚಲಿಗೆ ಇಳಿಯುತ್ತದೆ. ಎಲುಬಿನಿಂದ ಅಷ್ಟು ಬೇಗ ಭರ್ತಿಯಾಗುವುದಿಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 8ರಿಂದ 10 ಮಿಲಿಗ್ರಾಂ ಇರಬೇಕಾದದ್ದು 5ಕ್ಕಿಂತ ಕೆಳಗೆ ಜಾರಿದರೆ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಹೃದಯ. ಹಂಗಾಮಿನಲ್ಲಿ ಬಿಟ್ಟಿಯಾಗಿ ಸಿಗುವ ಕಬ್ಬಿನ ಸೋಗೆಯನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡುತ್ತಾರೆ. ಕುತ್ತಿಗೆಯ ತೋಡಿನಲ್ಲಿ ಹೆಬ್ಬೆರಳು ಒತ್ತಿದಾಗ ಬೆರಳು ಗಾತ್ರದ ರಕ್ತನಾಳ ಉಬ್ಬಿ ನಿಲ್ಲುತ್ತದೆ. ಸೂಜಿ ಹೋಯಿತು. ಬಾಟಲಿ ಹಿಡಿಯುವ ಕೆಲಸ ನಿಮಗೆ. "ಮ್ಯಾಲೆ ಎತ್ತಬ್ಯಾಡ್ರಿ, ಸಾವಕಾಶ ಹೋಗ್ಲಿ" ಎನ್ನುತ್ತ ಅವರು ಎದೆಗೆ ಸ್ಟೆತಾಸ್ಕೋಪ್ ಒತ್ತಿ ಕೂರುತ್ತಾರೆ. ಇದೇ ಔಷಧ ಅವಸರದಲ್ಲಿ ಒಳಹೋದರೆ ಹೃದಯವನ್ನು ನಿಲ್ಲಿಸಿಬಿಡುತ್ತದೆ. ಹನಿ ಹನಿಗೂ ಬಡಿತ ಎಣಿಸಬೇಕು.

ಬಾಟಲಿ ಮುಗಿಯುವವರೆಗೆ ನಿಮಗೆ ಬೇರೆ ಕೆಲಸವಿಲ್ಲ. ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಬೆಲ್‌ಫಾಸ್ಟಿನ ಜೇಮ್ಸ್ ವೈಟ್ ಎಂಬ ಬರಹಗಾರ ಡಾಕ್ಟರಾಗಬೇಕೆಂದು ಆಸೆಪಟ್ಟಿದ್ದ, ಮನೆಯಲ್ಲಿ ಹಣವಿರಲಿಲ್ಲ, ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದ. 1957ರಲ್ಲಿ ಆತ ಕಾಗದದ ಮೇಲೆ ಒಂದು ಆಸ್ಪತ್ರೆ ಕಟ್ಟಿದ: ನಕ್ಷತ್ರಗಳ ನಡುವೆ ತೇಲುವ, 384 ಅಂತಸ್ತುಗಳ ಸೆಕ್ಟರ್ ಜನರಲ್. ಒಂದು ವಾರ್ಡಿನ ತುಂಬ ನೀರು, ಇನ್ನೊಂದರಲ್ಲಿ ಕ್ಲೋರಿನ್, ಮತ್ತೊಂದರಲ್ಲಿ ಹೆಪ್ಪುಗಟ್ಟಿಸುವ ಚಳಿ. ಬಂದ ರೋಗಿ ಏನು ಉಸಿರಾಡುತ್ತದೆ, ಮೈ ಹೇಗಿದೆ ಎಂಬುದನ್ನು ನಾಲ್ಕು ಅಕ್ಷರಗಳ ಸಂಕೇತದಲ್ಲಿ ಬರೆದುಕೊಳ್ಳುತ್ತಾರೆ. ಹಾಗೆ ಬರೆದಾಗ ಮನುಷ್ಯನೂ ಬರೀ ಡಿಬಿಡಿಜಿ, ಹಲವರಲ್ಲಿ ಒಬ್ಬ. ಅರ್ಧ ಟನ್ ತೂಗುವ ಅನಾಥ ಕೂಸನ್ನು ಮನುಷ್ಯನೊಬ್ಬ ಸಾಕಬೇಕಾದ ಕಥೆ ಅಲ್ಲಿದೆ. ಎದುರಿಗಿರುವವರ ಭಾವನೆಗಳನ್ನು ಮೈಯಿಂದಲೇ ಅರಿಯುವ ಪ್ರಿಲಿಕ್ಲಾ ಎಂಬ ಕೀಟದಂಥ ಡಾಕ್ಟರನೂ ಇದ್ದಾನೆ. ಯುದ್ಧವೆಂದರೆ ಆಗದ ವೈಟ್, 1999ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ಆಸ್ಪತ್ರೆಯ ಮೇಲೆ ಹನ್ನೆರಡು ಪುಸ್ತಕ ಬರೆದಿದ್ದ.

ನೀವು ಆಕಳಿನ ಕಿವಿ ನೋಡುತ್ತೀರಿ. ಹಳದಿ ಬಿಲ್ಲೆಯ ಮೇಲೆ 12 ಅಂಕಿ. ಕಂಬಕ್ಕೆ ಒರಗಿದ ಆಯಿಯನ್ನು ನೋಡುತ್ತೀರಿ. ಪ್ರಿಲಿಕ್ಲಾ ಇಳಕಲ್ ಸೀರೆ ಉಟ್ಟು ನಿಂತಿದ್ದಾಳೆ.

ಅಷ್ಟರಲ್ಲಿ ನಿಮ್ಮ ಮೊಣಕಾಲಿನ ಕೆಳಗೆ ಏನೋ ನಡುಗುತ್ತದೆ. ಆಕಳಿನ ತೊಡೆಯ ಸ್ನಾಯು ಅದುರುತ್ತಿದೆ, ಅದುರು ಬೆನ್ನಿನುದ್ದಕ್ಕೂ ಹರಡುತ್ತದೆ. ದೊಡ್ಡದೊಂದು ತೇಗು ಬಂದು ಹುಳಿ ಮೇವಿನ ವಾಸನೆ ನಿಮ್ಮ ಮುಖಕ್ಕೆ ರಾಚುತ್ತದೆ. ಹಿಂದೆಯೇ ಸೆಗಣಿ. ಮನೆಯವರೆಲ್ಲ ಒಟ್ಟಿಗೆ ನಗುತ್ತಾರೆ. ಸೆಗಣಿ ಕಂಡು ಜನ ಇಷ್ಟು ಸಂತೋಷಪಡುವುದು ಇದೊಂದೇ ಹೊತ್ತಿನಲ್ಲಿ. ಸೂಜಿ ತೆಗೆದ ಮೇಲೆ ಆಕಳು ಕುತ್ತಿಗೆ ನೇರ ಮಾಡಿ, ಒಮ್ಮೆ ಎಡವಿ, ಹಿಂಗಾಲು ಊರಿ ಎದ್ದು ನಿಲ್ಲುತ್ತದೆ. ಕರುವಿನ ಕಡೆ ತಿರುಗಿ ಸಣ್ಣಗೆ ಗುಟುರು ಹಾಕುತ್ತದೆ.

"ನಾಳಿಗೆ ಪೂರಾ ಹಾಲ ಹಿಂಡಬ್ಯಾಡ್ರಿ. ಕರುವಿಗೆ ಕುಡಿಸ್ರಿ, ಅರ್ಧಾ ಕೆಚ್ಚಲದಾಗ ಬಿಡ್ರಿ" ಎಂದು ಡಾಕ್ಟರು ಕೈ ತೊಳೆಯುತ್ತಾರೆ. ಆಯಿ ಎಲ್ಲರಿಗೂ ಚಹಾ ತರುತ್ತಾಳೆ.

ಬೆಳಗಿನ ಒಂಬತ್ತು. ನಿದ್ದೆಯಿಲ್ಲದ ಕಣ್ಣಿನಲ್ಲಿ ನೀವು ಪಶು ಆಸ್ಪತ್ರೆಯ ಮುಂದಿನ ಬೇವಿನ ಕೆಳಗೆ ನಿಂತಿದ್ದೀರಿ. ಅಂಗಳದಲ್ಲಿ ಹಲವು ಗ್ರಹಗಳವರು ಕಾಯುತ್ತಿದ್ದಾರೆ. ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ಎತ್ತು. ನೊಗ ತಿಕ್ಕಿ ಹೆಗಲು ಬಾತಿದೆ. ಕೋಡಿನ ಬುಡದಲ್ಲಿ ಕ್ಯಾನ್ಸರ್ ಬಂದು ತಲೆ ವಾಲಿಸಿ ನಿಂತ ಬಿಳಿ ಕಿಲಾರಿ ಎತ್ತು. ಕತ್ತಿಯಂಥ ಉದ್ದ ಕೋಡಿನ ಪಂಢರಪುರಿ ಎಮ್ಮೆ. ಜಾತ್ರೆಮನೆಯಲ್ಲಿ ಅನ್ನದ ರಾಶಿಗೆ ಬಾಯಿ ಹಾಕಿ ಬಂದ ಆಡು: ನಮಗೆ ಊಟವಾದದ್ದು ಅದರ ಹೊಟ್ಟೆಯಲ್ಲಿ ಆಮ್ಲವಾಗಿ ಜೀವ ತಿನ್ನುತ್ತಿದೆ. ಗಾಡಿ ಶರ್ಯತ್ತಿಗೆ ಸಾಕಿದ ಕುದುರೆಯ ಗಾಯಕ್ಕೆ ಹೊಲಿಗೆ ಬೇಕು.

ಕುದುರೆಗೆ ಮಂಪರು ತರಿಸಲು ಡಾಕ್ಟರು ಜೈಲಜೀನ್ ತುಂಬುತ್ತಾರೆ. ಕಿಲಾರಿ ಎತ್ತಿಗೂ ಅದೇ ಶೀಶೆ, ಆದರೆ ಸಿರಿಂಜಿನಲ್ಲಿ ಔಷಧ ಎಷ್ಟು ಕಡಿಮೆ ನೋಡಿ. ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಸಾಕು. ಕುದುರೆಯ ಲೆಕ್ಕದಲ್ಲಿ ಎತ್ತಿಗೆ ಹಾಕಿದರೆ ಅದು ಏಳಲಿಕ್ಕಿಲ್ಲ. ಇಬ್ಬರೂ ನಾಲ್ಕು ಕಾಲಿನವರು, ಹುಲ್ಲು ತಿನ್ನುವವರು, ಒಂದೇ ಬೇವಿನ ಕೆಳಗೆ ನಿಂತವರು. ರಕ್ತದ ಒಳಗಿನ ಲೋಕ ಮಾತ್ರ ಬೇರೆ. ಇನ್ನು ಔಷಧದ ದಾರಿ ರೋಗಿಯಲ್ಲಿಯೇ ಮುಗಿಯುವುದೂ ಇಲ್ಲ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನ ತಿಂದ ರಣಹದ್ದುಗಳನ್ನು ಕೊಂದಿತು. ಅದಕ್ಕೇ 2006ರಲ್ಲಿ ಪಶುಗಳಿಗೆ ಅದರ ಬಳಕೆಗೆ ನಿಷೇಧ ಬಂತು.

ವೈಟ್‌ನ ಡಾಕ್ಟರುಗಳು ಅನ್ಯಗ್ರಹದ ವೈದ್ಯನ ಅರಿವನ್ನೆಲ್ಲ ಒಂದು ಟೇಪಿನಿಂದ ತಲೆಗೆ ಇಳಿಸಿಕೊಳ್ಳುತ್ತಾರೆ. ನಮ್ಮವರಿಗೆ ಟೇಪಿಲ್ಲ, ಐದೂವರೆ ವರ್ಷದ ಓದು, ಆಮೇಲೆ ಒದೆ ತಿಂದು ಕಲಿತದ್ದು. ಓದಿಗೆ ಈಗ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲೇ ಕಾಲೇಜಿದೆ.

ಸರದಿಯ ನಡುವೆ ಡಾಕ್ಟರು ಹಳೆಯದನ್ನು ನೆನೆಯುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ಜನ ಮೊದಲು ದನದ ಹಗ್ಗ ಬಿಚ್ಚಿದರು, ಆಮೇಲೆ ಮನೆಗೆ ಬೀಗ ಹಾಕಿದರು. ಎತ್ತರದ ರಸ್ತೆಯೇ ವಾರ್ಡಾಯಿತು. 2022ರಲ್ಲಿ ಚರ್ಮಗಂಟು ರೋಗ ಬಂತು, ಮೈತುಂಬ ಗಂಟು, ನೊಣ-ಸೊಳ್ಳೆಯಿಂದ ಹರಡುವ ವೈರಸ್. ಆಕಳು, ಎತ್ತು ಸತ್ತವು. ಎಮ್ಮೆಗಳು ಬಹುಮಟ್ಟಿಗೆ ಉಳಿದವು. ದನಗಳನ್ನು ಕಾಯಲು ಕೈಗೆ ಸಿಕ್ಕದ್ದು ಆಡಿನ ಸಿಡುಬಿನ ಲಸಿಕೆ. ಒಂದು ಜೀವಿಯ ಮದ್ದು ಇನ್ನೊಂದರ ಜೀವಕ್ಕೆ ಒದಗಿದ್ದು ಕಥೆಯಲ್ಲಿ ಅಲ್ಲ, ಚಿಕ್ಕೋಡಿ-ರಾಯಬಾಗದ ಕೊಟ್ಟಿಗೆಗಳಲ್ಲಿ.

ಭಾರತ ಹುಣ್ಣಿಮೆ ಹತ್ತಿರ ಬಂತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಗಡಿಯಾಚೆಯಿಂದಲೂ ಎತ್ತಿನ ಗಾಡಿಗಳು ಹೊರಡುತ್ತವೆ. ದಾರಿಯಲ್ಲಿ ಉಬ್ಬುವ ಹೊಟ್ಟೆ, ಸವೆಯುವ ಗೊರಸು, ಬಾಯುವ ಹೆಗಲು ಎಲ್ಲವೂ ಇವರಂಥ ಡಾಕ್ಟರುಗಳ ಕೈಗೇ ಬರುತ್ತವೆ.

ಹೊರಡುವ ಮುನ್ನ ಡಾಕ್ಟರು ನಿಮಗೆ ಹೇಳಿದ ಮಾತು ದನ ಕಟ್ಟಿದ ಎಲ್ಲರಿಗೂ ತಲುಪಬೇಕು. ಆ ರಾತ್ರಿಯ ಕೌದಿಯಲ್ಲಿ, ಕಷಾಯದಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ತಮಗೆ ಚಳಿಯಾದರೆ ಏನು ಬೇಕೋ ಅದನ್ನೇ ಅವರು ಆಕಳಿಗೂ ಕೊಡಹೊರಟಿದ್ದರು. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಆಕಳಿಗೆ ನುಂಗುವ ಶಕ್ತಿಯೂ ಇರುವುದಿಲ್ಲ. ಗೊಟ್ಟದಲ್ಲಿ ಹೊಯ್ದದ್ದು ಹೊಟ್ಟೆಗೆ ಹೋಗದೆ ಪುಪ್ಪಸಕ್ಕೆ ಹೋಗಬಹುದು. ಹಾಗಾದರೆ ಕ್ಯಾಲ್ಸಿಯಂನಿಂದ ಎದ್ದ ಆಕಳು ಆಮೇಲೆ ನ್ಯುಮೋನಿಯಾದಿಂದ ಸಾಯಬಹುದು. ಆದ್ದರಿಂದ ಬಿದ್ದ ದನದ ಬಾಯಿಗೆ ಏನನ್ನೂ ಹಾಕಬೇಡಿ. ಅಡ್ಡ ಮಲಗಲು ಬಿಡಬೇಡಿ; ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲು ತುಂಬಿದ ಚೀಲ ಒತ್ತುಕೊಡಿ. ಮೆಲುಕು ನಿಂತದ್ದು ಯಾವಾಗ, ಸೆಗಣಿ ಹಾಕಿದ್ದು ಯಾವಾಗ ಎಂಬುದನ್ನು ನೆನಪಿಡಿ. ಮನೆಯಲ್ಲಿ ದಿನವೂ ಮೇವು ಹಾಕುವವರ ಮಾತು ಕೇಳಿ. ಹತ್ತಿರದ ಪಶುವೈದ್ಯರಿಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ. ಅದನ್ನು ಸಂಜೆಯೇ ಮಾಡಿ, ರಾತ್ರಿ ಎರಡಕ್ಕಲ್ಲ.