ಕೆಟ್ಟ ಹುಡುಗ

ಕನ್ನಡದಲ್ಲಿ 'ಕೆಡು' ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಮಿಕ್ಸರ್ ಕೆಡುತ್ತದೆ, ಮನಸ್ಸು ಕೆಡುತ್ತದೆ. ಯಾರು ಮಾಡಿದ್ದು ಎಂದು ಈ ಪದ ಕೇಳುವುದಿಲ್ಲ. ಎಲ್ಲ ತಾನಾಗಿಯೇ ಆಯಿತು ಎನ್ನುವಂತೆ ಹೇಳಿ ಮುಗಿಸುತ್ತದೆ. ಮಾಡಿದವನನ್ನು ವಾಕ್ಯದೊಳಗೆ ಎಳೆದು ತರಬೇಕಾದರೆ 'ಕೆಡಿಸು' ಎನ್ನಬೇಕು. ಹಾಗೆ ಬಾಯಿಬಿಟ್ಟು ಹೇಳುವ ಧೈರ್ಯ ಮನೆಗಳಲ್ಲಿ ಕಡಿಮೆ. ಹೀಗಾಗಿ ಯಾರೋ ಕೆಡಿಸಿದ ಹುಡುಗನೂ ಕಡೆಗೆ 'ಕೆಟ್ಟ ಹುಡುಗ'ನಾಗಿಯೇ ಉಳಿಯುತ್ತಾನೆ. ಅವನಿಗೆ ಆದದ್ದು ಅವನ ಗುಣವಾಗುತ್ತದೆ.

ಪುಣೆಯ ಕೋಥ್ರೂಡಿನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯೊಂದರಲ್ಲಿ, ಈ ಪದದ ಜೊತೆ ಜಗಳವಾಡುತ್ತ ಸಂಸಾರ ಮಾಡುತ್ತಿರುವ ಇಬ್ಬರು ಗಂಡಸರಿದ್ದಾರೆ. ಒಬ್ಬ ಧಾರವಾಡದವನು, ಇನ್ನೊಬ್ಬ ಸಾಗರದ ಹತ್ತಿರದ ಹಳ್ಳಿಯವನು. ಇಬ್ಬರಿಗೂ ನಲವತ್ತು ಹತ್ತಿರ ಬಂದಿದೆ. ಹೆಸರು ಇಲ್ಲಿ ಬೇಡ, ಊರೇ ಸಾಕು.

ಇಬ್ಬರ ಪರಿಚಯವಾದದ್ದು 2016ರ ಮಳೆಗಾಲದಲ್ಲಿ, ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ. ಸಾಗರದವನು ಕಿಟಕಿ ಪಕ್ಕ ಕೂತು ಒಂದು ಪುಸ್ತಕ ಓದುತ್ತಿದ್ದ. ಶಾಲೆಯ ಹುಡುಗರ ಹಾಗೆ ಅದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ್ದ. ಪಕ್ಕದಲ್ಲಿ ಕೂತ ಧಾರವಾಡದವನಿಗೆ ಓರೆಗಣ್ಣಿನಲ್ಲಿ ಎರಡು ಸಾಲು ಓದುವಷ್ಟರಲ್ಲೇ ಗೊತ್ತಾಯಿತು: ವಸುಧೇಂದ್ರರ 'ಮೋಹನಸ್ವಾಮಿ'. 2013ರಲ್ಲಿ ಪ್ರಕಟವಾದ ಆ ಕಥಾಸಂಕಲನವನ್ನು ಅವನೂ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ, ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯವಾಗದೆ ಬಸ್‌ ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಟ್ಟು ಬಂದಿದ್ದ.

"ಹೊದಿಕಿ ಯಾಕ ಹಾಕೀರಿ?" ಎಂದ. "ಈ ಬಸ್ಸಿನಾಗ ಕನ್ನಡ ಓದಾಕ ಬರೋದು ನಿಮಗ ನನಗ ಇಬ್ಬರಿಗೇ."

ಸಾಗರದವನು ಪುಸ್ತಕ ಮುಚ್ಚಿದ. ಆಮೇಲೆ ನಕ್ಕ. 'ರೀ' ಹೋಗಿ 'ನೀ' ಬರಲು ಎರಡು ತಿಂಗಳು ಹಿಡಿಯಿತು. ಭಾನುವಾರ ಬೆಳಿಗ್ಗೆ ವೇತಾಳ ಟೇಕಡಿ ಹತ್ತುವುದು, ಇಳಿದು ಮಿಸಳ್ ತಿನ್ನುವುದು, ಒಬ್ಬನ ಮನೆಯ ಶೇಂಗಾ ಹಿಂಡಿ ಇನ್ನೊಬ್ಬನ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಪಕ್ಕದಲ್ಲಿ ಕೂರುವುದು, ಎಲ್ಲ ಒಂದೊಂದಾಗಿ ಆಯಿತು. ಮರುವರ್ಷ ಒಂದೇ ಮನೆ ಹಿಡಿದರು.

ಮನೆಯ ಒಡತಿ ಎಪ್ಪತ್ತು ದಾಟಿದ ಮರಾಠಿ ಆಜಿ. ಇಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಿದಾಗ ಸಾಗರದವನು ತಡಮಾಡದೆ 'ಚುಲತ್ ಭಾವು' ಎಂದ, ಚಿಕ್ಕಪ್ಪನ ಮಗ. ಆಜಿಗೆ ಸಮಾಧಾನವಾಯಿತು. ಸಂಬಂಧಿಕರು ಎಂದರೆ ಊರಿಗೆ ಸಮಾಧಾನ. ಆದರೆ ಆ ರಾತ್ರಿ ಧಾರವಾಡದವನು ಊಟ ಬಿಟ್ಟು ಕೂತ. ಅವನ ಬದುಕಿನಲ್ಲಿ ಹೆದರಿಕೆ ಬಂದದ್ದೇ ಸಂಬಂಧದ ಬಾಗಿಲಿನಿಂದ. ಐದನೇ ಇಯತ್ತೆಯಿಂದ ಏಳನೇ ಇಯತ್ತೆಯವರೆಗೆ, ಪ್ರತಿ ಸೂಟಿಯಲ್ಲೂ, ಅಜ್ಜಿಯ ಮನೆಯ ಅಟ್ಟದ ಕೋಣೆಯಲ್ಲಿ, ತಾಯಿಯ ತಮ್ಮ. 'ಮಾವ' ಎಂಬ ಪದ ಅವನ ಬಾಯಲ್ಲಿ ಇವತ್ತಿಗೂ ಸಲೀಸಾಗಿ ಹೊರಡುವುದಿಲ್ಲ.

ಸಾಗರದವನ ಕಥೆ ಬೇರೆ. ಅವನ ಅಪ್ಪ ಅಡಿಕೆ ತೋಟದಿಂದ ಬಂದು, ಸ್ನಾನ ಮಾಡಿ, ಭದ್ರಾವತಿ ಆಕಾಶವಾಣಿ ಕೇಳುತ್ತ ಜಗಲಿಯಲ್ಲಿ ಕೂರುತ್ತಿದ್ದ. ಹೊಡೆಯುವ ದಿನ ಮೊದಲು ರೇಡಿಯೊ ಆರಿಸುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಬೆನ್ನ ಮೇಲೆ ಬಾಸುಂಡೆ ಬೀಳುವುದು ಆಮೇಲಿನ ಮಾತು. ಮಗನ ಮೈಯಲ್ಲಿ ಉಳಿದುಕೊಂಡದ್ದು ಆ ಸದ್ದಿಲ್ಲದ ಹೊತ್ತು.

ಇಂಥ ಇಬ್ಬರು ಜೊತೆಯಾದರೆ ಒಬ್ಬರ ನೋವು ಇನ್ನೊಬ್ಬರಿಗೆ ಹೇಳದೆಯೇ ತಿಳಿಯುತ್ತದೆ ಎಂದು ಸಿನಿಮಾಗಳು ಹೇಳುತ್ತವೆ. ಕೋಥ್ರೂಡಿನ ಮನೆಯಲ್ಲಿ ಮೊದಲೆರಡು ವರ್ಷ ಆದದ್ದು ತದ್ವಿರುದ್ಧ. ಧಾರವಾಡದವನಿಗೆ ಹಳೆಯದು ನೆನಪಾದರೆ ಮಾತು ನಿಲ್ಲುತ್ತಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಅವನಿಗೆ ಸಿಕ್ಕ ಮೊದಲ ರಕ್ಷಣೆ. ಹೊರಗಿದ್ದವನಿಗೆ ಅದೇ ರೇಡಿಯೊ ಆರಿದ ಹೊತ್ತು. ಅವನು ಬಾಗಿಲು ಬಡಿಯುತ್ತಿದ್ದ, ಕೂಗುತ್ತಿದ್ದ. ಬಾಗಿಲು ತೆರೆದ ಕೂಡಲೇ ಹಿಂದಿನಿಂದ ಬಂದು ಹೆಗಲು ಹಿಡಿಯುತ್ತಿದ್ದ. ಹಿಂದಿನಿಂದ ಬಂದ ಕೈ ಧಾರವಾಡದವನಿಗೆ ಅಟ್ಟದ ಕೋಣೆ. ಒಬ್ಬನ ಆಸರೆ ಇನ್ನೊಬ್ಬನ ಭಯ. ಒಮ್ಮೆ ಇದೇ ಜಗಳ ಹೆಚ್ಚಾಗಿ ಸಾಗರದವನು ಚೀಲ ಕಟ್ಟಿಕೊಂಡು ಸ್ವಾರಗೇಟಿಗೆ ಹೋಗಿ, ಊರ ಕಡೆಯ ಬಸ್ಸುಗಳು ಒಂದರ ಹಿಂದೊಂದು ಹೊರಡುವುದನ್ನು ನೋಡುತ್ತ ಬೆಳಗಿನ ಜಾವದ ತನಕ ಕೂತು ವಾಪಸು ಬಂದ.

ಆಮೇಲೆ ಇಬ್ಬರೂ ಕೂತು ಕೆಲವು ಕಟ್ಟಳೆ ಮಾಡಿಕೊಂಡರು. ಮುಟ್ಟುವ ಮೊದಲು ಎದುರಿಗೆ ಬರಬೇಕು. ನಿದ್ದೆಯಲ್ಲಿದ್ದವನನ್ನು ಹೆಸರು ಹಿಡಿದು ಕರೆದು ಎಬ್ಬಿಸಬೇಕು, ಅಲುಗಾಡಿಸಬಾರದು. ಒಬ್ಬನೇ ಇರಬೇಕೆನಿಸಿದರೆ ಬಾಗಿಲು ಹಾಕುವ ಮುಂಚೆ 'ಹತ್ತು ನಿಮಿಷ' ಎನ್ನಬೇಕು. ಹತ್ತೇ ಆಗಬೇಕೆಂದಿಲ್ಲ, ಆದರೆ ಆ ಮಾತು ಹೇಳಿಯೇ ಹೋಗಬೇಕು. ಇದರಲ್ಲಿ ಪ್ರೇಮಕವಿತೆಯಂಥದ್ದು ಏನೂ ಇಲ್ಲ. ಆದರೆ ಅವರ ನಡುವೆ ಪ್ರೀತಿ ನಿಂತಿರುವುದು ಹೆಚ್ಚಾಗಿ ಇದರ ಮೇಲೆಯೇ.

ಧಾರವಾಡದವನು ಆಪ್ತಸಮಾಲೋಚಕರ ಬಳಿ ಹೋಗತೊಡಗಿದ್ದೂ ಆಗಲೇ. ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ಆದದ್ದನ್ನು ಹೇಳಲು ಇಂಗ್ಲಿಷಿನಲ್ಲಿ ಇಸ್ತ್ರಿ ಮಾಡಿಟ್ಟಂಥ ಪದಗಳಿದ್ದವು, ಅವನು ಹೇಳಿದ. ಕನ್ನಡದಲ್ಲಿ ಹೇಳಲು ಮತ್ತೆ ಎರಡು ವರ್ಷ ಬೇಕಾಯಿತು. 'ಲೈಂಗಿಕ ದೌರ್ಜನ್ಯ' ಪತ್ರಿಕೆಯ ಪದ, ಅಡುಗೆಮನೆಯಲ್ಲಿ ಕೂತು ಆಡುವ ಪದವಲ್ಲ. ಒಂದು ರಾತ್ರಿ ಕಡೆಗೂ ಅವನ ಬಾಯಿಗೆ ಬಂದದ್ದು, "ನಾ ಐದನೇತ್ತಾದಾಗನ ಕೆಟ್ಟೆ."

"ನೀನು ಕೆಟ್ಟಿದ್ದಲ್ಲ. ಅವನು ಕೆಡಿಸಿದ್ದು," ಎಂದ ಸಾಗರದವನು.

ಸ್ವಲ್ಪ ಹೊತ್ತು ಬಿಟ್ಟು ಧಾರವಾಡದವನು ಅದನ್ನೂ ಒಪ್ಪಲಿಲ್ಲ. ಕೆಡಿಸಿದ ಎಂದರೂ ಕೆಟ್ಟದ್ದು ಕೆಟ್ಟದ್ದೇ ತಾನೆ? ಕೆಟ್ಟ ಹಾಲು ಮತ್ತೆ ಹಾಲಾಗುವುದಿಲ್ಲ. ಅವನಿಗೆ ಹಿಡಿಸಿದ ಪದ 'ನೋಯಿಸು'. "ಅಂವ ನನ್ನ ನೋಯಿಸಿದಾ." ನೊಂದ ಮೈ ಮೈಯಾಗಿಯೇ ಇರುತ್ತದೆ. ನೋವಿಗೆ ಮಾಯುವ ದಾರಿಯೊಂದು ಇರುತ್ತದೆ.

ಮನೆಯ ಮಾತು ಮಾಡಿದ್ದನ್ನೇ ಕಾನೂನೂ ಬಹಳ ಕಾಲ ಮಾಡಿತ್ತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅತ್ಯಾಚಾರದ ಕಲಂ ಹೆಣ್ಣಿನ ಮೇಲೆ ಆಗುವುದನ್ನು ಮಾತ್ರ ಗುರುತಿಸುತ್ತಿತ್ತು. ಹುಡುಗನೊಬ್ಬನ ಮೇಲೆ ಅಂಥದ್ದಾದರೆ ಪೊಲೀಸರು ಹಾಕುತ್ತಿದ್ದದ್ದು ಕಲಂ 377, ಅಂದರೆ 'ನಿಸರ್ಗದ ನಿಯಮಕ್ಕೆ ವಿರುದ್ಧವಾದ' ಸಂಭೋಗ. ಇಬ್ಬರು ಗಂಡಸರು ಮನಸಾರೆ ಒಪ್ಪಿ ಕೂಡಿದರೂ ಅದೇ ಕಲಂ. ಒಪ್ಪಿಗೆ ಇತ್ತೇ ಇಲ್ಲವೇ ಎಂಬ ಪ್ರಶ್ನೆ ಆ ಕಲಮಿನಲ್ಲಿ ಇರಲೇ ಇಲ್ಲ. ಧಾರವಾಡದ ಆ ಮನೆಯವರು 1998ರಲ್ಲಿ ಠಾಣೆ ಮೆಟ್ಟಿಲು ಹತ್ತಿದ್ದರೆ ಮಾವನ ಮೇಲೆ ಬೀಳುತ್ತಿದ್ದ ಕಲಮೇ, ಇಪ್ಪತ್ತು ವರ್ಷ ಕಳೆದು ಅಳಿಯ ಪುಣೆಯಲ್ಲಿ ತಾನು ಪ್ರೀತಿಸಿದವನ ಜೊತೆ ಮಲಗಿದ್ದಕ್ಕೂ ಬೀಳಬಹುದಾಗಿತ್ತು. ಗಾಯಕ್ಕೂ ಪ್ರೀತಿಗೂ ಒಂದೇ ಹಗ್ಗ.

ಆ ಗಂಟು ಬಿಚ್ಚುವ ಕೆಲಸ ನಿಧಾನವಾಗಿ ನಡೆಯಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಮಕ್ಕಳ ಮೇಲಿನ ಮತ್ತು ಒಪ್ಪಿಗೆಯಿಲ್ಲದ ಕೃತ್ಯಗಳಿಗೆ ಆ ಕಲಂ ಹಾಗೆಯೇ ಉಳಿಯಿತು. 2012ರ ನವೆಂಬರ್ 14ರಿಂದ ಪೋಕ್ಸೊ ಕಾಯ್ದೆ ಜಾರಿಗೆ ಬಂದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾದ ರಕ್ಷಣೆ ಸಿಕ್ಕಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. ಆ ಸಂಜೆ ಸಾಗರದವನು ಪೇಢೆ ತಂದ. ಧಾರವಾಡದವನು ಒಂದು ಪೇಢೆ ಕೈಯಲ್ಲಿ ಹಿಡಿದೇ ತೀರ್ಪಿನ ಸುದ್ದಿಯನ್ನು ಕೊನೆಯವರೆಗೆ ಓದಿದ. ಮಕ್ಕಳ ವಿಷಯದಲ್ಲಿ ಕಲಂ ಉಳಿದಿದೆ ಎಂಬ ಸಾಲು ಬಂದ ಮೇಲೆ ತಿಂದ. ಅದೊಂದು ಸಾಲು ಅವನಿಗೆ ಬೇಕಾಗಿತ್ತು: ಇದು ಬೇರೆ, ಅದು ಬೇರೆ ಎಂದು ದೇಶದ ದೊಡ್ಡ ನ್ಯಾಯಾಲಯ ಬರೆದುಕೊಟ್ಟ ಸಾಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ವಯಸ್ಕ ಗಂಡಸಿನ ಮೇಲಾದ ಬಲಾತ್ಕಾರವನ್ನು ಅತ್ಯಾಚಾರವೆಂದು ಕರೆಯುವ ಕಲಮೂ ಅದರಲ್ಲಿಲ್ಲ. ಹಗ್ಗ ಕತ್ತರಿಸುವಾಗ ಒಂದು ಕಡೆ ಉಳಿಯಬೇಕಾದದ್ದೂ ಕತ್ತರಿಸಿ ಹೋಯಿತು.

ಕಾನೂನು ಬಿಚ್ಚಿದ ಗಂಟನ್ನು ಮನೆ ಬಿಚ್ಚಬೇಕಲ್ಲ. 2019ರ ದೀಪಾವಳಿಗೆ ಊರಿಗೆ ಹೋದಾಗ ಧಾರವಾಡದವನು ಅಕ್ಕನಿಗೆ ಎರಡೂ ವಿಷಯವನ್ನು ಒಂದೇ ದಿನ ಹೇಳಿದ. ಅಕ್ಕ ಅತ್ತಳು, ತಲೆ ಸವರಿದಳು, ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾಗಿದ್ದಕ್ಕ ಹಿಂಗಾದಿ ಅಲ್ಲಾ ನೀ?"

ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. ಅದಕ್ಕೇ ಆ ಮಾತು ಆಳಕ್ಕೆ ಇಳಿಯಿತು. ಮಾವ ತನ್ನ ಬಾಲ್ಯವನ್ನು ಮಾತ್ರ ತೆಗೆದುಕೊಂಡನೋ, ಈಗ ಪಕ್ಕದಲ್ಲಿ ಮಲಗಿರುವವನ ಮೇಲಿನ ಪ್ರೀತಿಯೂ ಅವನು ಬಿತ್ತಿದ ಬೀಜವೋ? ಪುಣೆಗೆ ವಾಪಸಾದ ಮೇಲೆ ತಿಂಗಳುಗಟ್ಟಲೆ ಅವನು ಸಾಗರದವನ ಕೈ ಹಿಡಿಯಲಿಲ್ಲ. ಇಬ್ಬರ ಒಂಬತ್ತು ವರ್ಷಗಳಲ್ಲಿ ಸಂಬಂಧ ಮುರಿದು ಬೀಳುವುದಕ್ಕೆ ಅತಿ ಹತ್ತಿರ ಬಂದದ್ದು ಆಗಲೇ.

ಸಾಗರದವನು ಲೆಕ್ಕ ಹಾಕಿ ತೋರಿಸಿದ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇಕಡಾ 53.22. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು. ಹಂಗಾಗಿದ್ದಕ್ಕೆ ಹಿಂಗಾಗುವುದಾದರೆ ಈ ದೇಶದ ಮದುವೆ ಛತ್ರಗಳೆಲ್ಲ ಖಾಲಿ ಹೊಡೆಯಬೇಕಿತ್ತು. "ನನ್ನನ್ನೇ ನೋಡು ಮಾರಾಯ. ನನಗೆ ಯಾರೂ ಹಾಗೆ ಕೈ ಹಾಕಿಲ್ಲ. ಅಪ್ಪ ಹೊಡೆದ, ಅಷ್ಟೇ. ನಾನು ಎಂಥಕ್ಕೆ ಹೀಗಾದೆ?"

ಧಾರವಾಡದವನು ತನ್ನದೇ ನೆನಪುಗಳನ್ನು ಕೆದಕಿದ. ನಾಲ್ಕನೇ ಇಯತ್ತೆಯಲ್ಲಿ, ಇನ್ನೂ ಏನೂ ಆಗದಿದ್ದಾಗ, ಶಾಲೆಯ ಗಂಟೆ ಹೊಡೆಯುವ ಏಳನೆಯವನೊಬ್ಬನನ್ನು ನೋಡಲೆಂದೇ ಬೇಗ ಹೋಗುತ್ತಿದ್ದದ್ದು ನೆನಪಾಯಿತು. ಆ ಹುಡುಗ ಒಂದು ದಿನ ಗಂಟೆಯ ಸುತ್ತಿಗೆಯನ್ನು ಇವನ ಕೈಗೆ ಕೊಟ್ಟಿದ್ದ. ಓಡಿ ಬಂದು ಇದನ್ನು ಹೇಳುವಾಗ ಅವನ ಮುಖದಲ್ಲಿ ಕಳೆದ ಕಾಗದಪತ್ರ ಸಿಕ್ಕವನ ಸಂತೋಷವಿತ್ತು.

ಸಾಗರದವನು ಕೇಳಿಸಿಕೊಂಡ. ನಕ್ಕ ಕೂಡ. ಆಮೇಲೆ ಹೇಳಿದ: "ಇದು ನೆನಪಾಗದಿದ್ದರೆ? ಆಗ ನಾನು ಅವನು ಕೊಟ್ಟ ಗಂಡು ಆಗ್ತಿದ್ನಾ? ಈ ಪುರಾವೆ ಯಾರಿಗೆ ಕೊಡ್ತಿದ್ದೀಯ?"

ಅದಕ್ಕೆ ಉತ್ತರ ಇರಲಿಲ್ಲ. ಆ ರಾತ್ರಿ ಕೈ ಹಿಡಿದ.

2023ರ ಅಕ್ಟೋಬರಿನಲ್ಲಿ ಸಾಗರದವನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅರ್ಜಿಯಲ್ಲಿ 'ರೋಗಿಗೆ ಏನಾಗಬೇಕು' ಎಂಬ ಜಾಗದಲ್ಲಿ ಧಾರವಾಡದವನು ಮತ್ತೆ 'ಚುಲತ್ ಭಾವು' ಎಂದು ಬರೆದ. ಅದೇ ತಿಂಗಳ 17ರಂದು ಸುಪ್ರೀಂ ಕೋರ್ಟ್, ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ ಎಂದು ಹೇಳಿ ಅರ್ಜಿಗಳನ್ನು ಬದಿಗಿಟ್ಟಿತು. ಪ್ಲೇಟ್ಲೆಟ್ ಲೆಕ್ಕ ಏರುತ್ತಿತ್ತು. ಇಬ್ಬರೂ ಆ ದಿನ ಅದನ್ನೇ ದೊಡ್ಡ ಸುದ್ದಿ ಎಂದುಕೊಂಡರು.

ಮಾವ ತೀರಿಕೊಂಡದ್ದು ಮರುವರ್ಷದ ಚಳಿಗಾಲದಲ್ಲಿ. ತಾಯಿಯ ಫೋನು ರಾತ್ರಿ ಎಂಟಕ್ಕೆ ಬಂತು. ಮಣ್ಣು ಮಾಡುವುದು ನಾಳೆ ಮಧ್ಯಾಹ್ನ, ಈಗ ಹೊರಟರೆ ಮುಟ್ಟಬಹುದು ಎಂದಳು. ಅಕ್ಕನಿಗೆ ಹೇಳಿದ್ದನ್ನು ಧಾರವಾಡದವನು ತಾಯಿಗೆ ಎಂದೂ ಹೇಳಿರಲಿಲ್ಲ.

"ನಾ ಬರಂಗಿಲ್ಲವ್ವಾ," ಎಂದ. ಕಾರಣ ಏನು ಹೇಳುವುದೆಂದು ಯೋಚಿಸುತ್ತಿದ್ದ.

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆ ಕಡೆ ಯಾರೋ ಅಳುತ್ತಿರುವುದು ಕೇಳುತ್ತಿತ್ತು. "ಬರಬ್ಯಾಡ," ಎಂದಳು ಕೊನೆಗೆ. "ನೀ ಬರಬ್ಯಾಡಪ್ಪಾ." ಫೋನು ಇಟ್ಟಳು.

ಅವಳಿಗೆ ಎಷ್ಟು ಗೊತ್ತಿತ್ತು, ಎಂದಿನಿಂದ ಗೊತ್ತಿತ್ತು, ಅಕ್ಕ ಹೇಳಿದಳೋ ಇಲ್ಲ ಆ ಸೂಟಿಗಳಲ್ಲೇ ಗೊತ್ತಿತ್ತೋ? ಮೊದಲನೆಯದಾದರೆ ಅದು ಕರುಣೆ. ಎರಡನೆಯದಾದರೆ ಅದಕ್ಕೆ ಏನು ಹೆಸರಿಡಬೇಕೋ ಅವನಿಗೆ ತಿಳಿಯಲಿಲ್ಲ. "ಹತ್ತು ನಿಮಿಷ," ಎಂದು ಹೇಳಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಹತ್ತು ನಿಮಿಷ ಎರಡು ಗಂಟೆಯಾಯಿತು. ಸಾಗರದವನು ಬಾಗಿಲು ಬಡಿಯಲಿಲ್ಲ. ಮನೆಯಲ್ಲಿ ಸದ್ದು ನಿಲ್ಲದಂತೆ ಪಾತ್ರೆ ತೊಳೆದ. ತೊಳೆದ ಪಾತ್ರೆಗಳನ್ನು ಇಳಿಸಿ ಇನ್ನೊಮ್ಮೆ ತೊಳೆದ. ಕುಕ್ಕರಿನಲ್ಲಿ ಯಾರೂ ತಿನ್ನದ ಅನ್ನಕ್ಕೆ ಇಟ್ಟು ಸೀಟಿ ಹೊಡೆಸಿದ. ಚಿಲಕ ತೆಗೆದ ಸದ್ದು ಕೇಳಿದಾಗ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಎದುರಿಗೆ ಬಂದು ನಿಂತ.

"ಹತ್ತು ನಿಮಿಷ ಅಂದಿದ್ದೆ," ಎಂದ ಧಾರವಾಡದವನು.

"ಗಡಿಯಾರ ಕೆಟ್ಟಿದೆ ಮಾರಾಯ," ಎಂದ ಸಾಗರದವನು. "ಬಾ, ಊಟ ಮಾಡು."