ಹಾನಾ, ದುಲ್, ಸೆತ್

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಟೇಕ್ವಾಂಡೋ ತರಗತಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತು. ದಿನವೂ ಒಂದು ಗಂಟೆ ಗೋಡೆಗೊರಗಿ ಕುಳಿತಿರುತ್ತಿದ್ದ ನನ್ನನ್ನು ಕಂಡು ಅಲ್ಲಿನ ಯುವ ತರಬೇತುದಾರರು, "ಸುಮ್ಮನೆ ಕೂರುವ ಬದಲು ನೀವೂ ಸೇರಿಕೊಳ್ಳಿ ಮೇಷ್ಟ್ರೇ" ಎಂದರು. ಹೀಗೆ ಅರವತ್ತೈದು ದಾಟಿದ ಮೇಲೆ ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಬಿಳಿಯ ಪಟ್ಟಿ ಬಿಗಿದು, ಮಕ್ಕಳ ಹಿಂದಿನ ಸಾಲಿನಲ್ಲಿ ನಿಂತೆ.

ಮೊದಲ ದಿನ "ಚರ್ಯೊತ್!" ಎಂಬ ಕೂಗು ಕೇಳಿತು. ಎಲ್ಲರೂ ನೆಟ್ಟಗೆ ನಿಂತರು. "ಕ್ಯೊಂಗ್ನೆ!" ಎಂದೊಡನೆ ಎಲ್ಲರೂ ಬಾಗಿ ವಂದಿಸಿದರು. ನಾನೊಬ್ಬನೇ ಗರುಡಗಂಬದಂತೆ ನಿಂತಿದ್ದೆ. "ತಾತ, ಬಗ್ಗಬೇಕು!" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅಂದಿನಿಂದ ಒಂದು ಉಪಾಯ ಕಂಡುಕೊಂಡೆ. ಆದೇಶ ಕಿವಿಗೆ ಬಿದ್ದೊಡನೆ ಓರೆಗಣ್ಣಿನಿಂದ ಪಕ್ಕದ ಹುಡುಗನ ಕಾಲು ನೋಡುವುದು, ಅವನು ಮಾಡಿದಂತೆ ಮಾಡುವುದು.

ಹಾಗೆ ನೋಡುತ್ತಿರುವಾಗಲೇ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಆ ಹುಡುಗನ ಮನೆಮಾತು ಲಂಬಾಣಿ. "ಕೃದಂತ ಭಾವನಾಮಗಳಿಗೆ ಅಡಿಗೆರೆ ಎಳೆಯಿರಿ" ಎಂದರೆ ಅವನ ಕಣ್ಣು ಪಕ್ಕದವನ ಪುಸ್ತಕದತ್ತ ಹೊರಳುತ್ತಿತ್ತು. ನಾನು ಅದನ್ನು ಕಳ್ಳತನವೆಂದೇ ಎಣಿಸಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ, ಅದೂ ಒಂದೆರಡು ಬಾರಿಯಲ್ಲ. ಆ ಪದದ ಅರ್ಥ ನಿನಗೆ ತಿಳಿದಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಬಿ.ಎಡ್. ಪದವಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದ್ದವನು ನಾನು!

ಮರುದಿನವೇ ಒಂದು ನೋಟ್‌ಪುಸ್ತಕ ಕೊಂಡು ಪದಗಳನ್ನು ಅರ್ಥಸಹಿತ ಬರೆದುಕೊಳ್ಳತೊಡಗಿದೆ. 'ಟೇ' ಎಂದರೆ ಕಾಲಿನ ಹೊಡೆತ, 'ಕ್ವಾನ್' ಎಂದರೆ ಮುಷ್ಟಿ, 'ದೋ' ಎಂದರೆ ಮಾರ್ಗ. ಈ ಹೆಸರು ರೂಢಿಗೆ ಬಂದದ್ದು 1955ರಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಕ್ರೀಡೆಯಾಯಿತು. ಹೆಸರಿನ ಮೂರೂ ಪದಗಳು ಕೊರಿಯನ್ ಭಾಷೆಗೆ ಚೀನೀ ಮೂಲದಿಂದ ಬಂದವು, ನಮ್ಮ ತತ್ಸಮಗಳು ಸಂಸ್ಕೃತದಿಂದ ಬಂದಂತೆ. ಅಂಕಿಗಳಲ್ಲಿಯೂ ಎರಡು ಬಗೆ. ಒದೆತಗಳನ್ನು ಎಣಿಸುವಾಗ ಅಚ್ಚ ಕೊರಿಯನ್ನಿನ 'ಹಾನಾ, ದುಲ್, ಸೆತ್'. ಕ್ರಮಬದ್ಧ ಚಲನೆಗಳ ಪಾಠಗಳಿಗೆ ಹೆಸರಿಡುವಾಗ ಚೀನೀ ಮೂಲದ 'ಇಲ್, ಈ, ಸಾಮ್'. ಮನೆಯಲ್ಲಿ ಒಂದು, ಎರಡು ಎಣಿಸುವ ನಾವು ಬಹುಮಾನಕ್ಕೆ ಪ್ರಥಮ, ದ್ವಿತೀಯ ಎನ್ನುವುದಿಲ್ಲವೇ?

'ಚಾಗಿ' ಎಂದರೆ ಒದೆತ, 'ಮಾಕ್ಕಿ' ಎಂದರೆ ತಡೆಯುವಿಕೆ. 'ಚಾದಾ' ಒದೆ ಎಂಬ ಕ್ರಿಯಾಪದ, 'ಮಾಕ್ತಾ' ತಡೆ ಎಂಬ ಕ್ರಿಯಾಪದ. ಅವಕ್ಕೆ 'ಗಿ' ಪ್ರತ್ಯಯ ಸೇರಿದರೆ ಕ್ರಿಯೆಯ ಹೆಸರಾಗುತ್ತದೆ. ನೋಡು ಎಂಬುದು ನೋಟ, ಒದೆ ಎಂಬುದು ಒದೆತ ಆಗುವಂತೆ ಇವೂ ಕೃದಂತ ಭಾವನಾಮಗಳೇ! ಆ ಹುಡುಗನನ್ನು ಬೆಂಚು ಹತ್ತಿಸಿದ ಪಾಠವೇ ಇಲ್ಲಿ ನನ್ನ ಕೈಹಿಡಿದು ನಡೆಸಿತು. 'ಆಪ್' ಎಂದರೆ ಮುಂದೆ ಎಂದು ತಿಳಿದ ಮೇಲೆ 'ಆಪ್ ಚಾಗಿ'ಯನ್ನು ಉರುಹೊಡೆಯಬೇಕಾಗಲಿಲ್ಲ. ಗುರುವನ್ನು ಕರೆಯುವ 'ಸಾಬೊಮ್‌ನಿಮ್' ಪದದ 'ನಿಮ್' ನಮ್ಮ 'ಅವರು' ಇದ್ದಂತೆ, ಗೌರವಸೂಚಕ.

ಅಂದು ಕೃದಂತವನ್ನು ಓಟ, ನೋಟ, ಒದೆತಗಳಿಂದಲೇ ಆರಂಭಿಸಿ, ಪಾರಿಭಾಷಿಕ ಪದವನ್ನು ಕೊನೆಗೆ ಹೇಳಿದ್ದರೆ ಆ ಹುಡುಗ ಪಕ್ಕಕ್ಕೆ ನೋಡಬೇಕಾಗುತ್ತಿತ್ತೇ? ಆಟದ ಮೈದಾನದಲ್ಲಿ ಅವನಷ್ಟು ಚೆನ್ನಾಗಿ ಓಡುವವರು ತರಗತಿಯಲ್ಲಿ ಮತ್ತೊಬ್ಬರಿರಲಿಲ್ಲ. ಈಗ ಅವನು ಎಲ್ಲಿರುವನೋ ತಿಳಿಯದು. ಕಂಡರೆ ಕ್ಷಮೆ ಕೇಳಬೇಕೆಂದಿದ್ದೇನೆ.

ಹಳದಿ ಪಟ್ಟಿಯ ಪರೀಕ್ಷೆಯಲ್ಲಿ ನನ್ನ ಒದೆತ ಸೊಂಟದ ಎತ್ತರವನ್ನೂ ಮುಟ್ಟಲಿಲ್ಲ. ಪದಗಳನ್ನು ಕೇಳಿದಾಗ ಮಾತ್ರ ಒಂದೂ ತಪ್ಪಲಿಲ್ಲ. ಹೇಗೋ ತೇರ್ಗಡೆಯಾದೆ.

ಕಳೆದ ವಾರ ಹೊಸ ಬಾಲಕನೊಬ್ಬ ನನ್ನ ಪಕ್ಕದಲ್ಲಿ ನಿಂತಿದ್ದ. "ಆಪ್ ಚಾಗಿ" ಎಂಬ ಆದೇಶ ಬಂದಾಗ ಅವನು ಓರೆಗಣ್ಣಿನಿಂದ ನನ್ನ ಕಾಲು ನೋಡಿದ. ಅವನಿಗೆ ಚೆನ್ನಾಗಿ ಕಾಣಲೆಂದು ಕಾಲನ್ನು ತುಸು ನಿಧಾನವಾಗಿ ಎತ್ತಿದೆ. ಆಮೇಲೆ, "ಆಪ್ ಅಂದ್ರೆ ಮುಂದೆ, ಚಾಗಿ ಅಂದ್ರೆ ಒದೆತ ಕಣೋ ಮಗು" ಎಂದು ಮೆಲ್ಲಗೆ ಹೇಳಿಕೊಟ್ಟೆ.